ಪ್ರಯಾಣ ವಿಮೆ

ಪ್ರಯಾಣ ವಿಮೆಯು ಪ್ರಯಾಣದ ಅವಧಿಯಲ್ಲಿ ಸಂಭವಿಸಬಹುದಾದ ಅಪಘಾತ, ಅನಾರೋಗ್ಯ, ಸಾಮಾನು ನಷ್ಟ, ಪ್ರಯಾಣ ರದ್ದತಿ, ವಿಳಂಬ ಮುಂತಾದ ಹಾನಿಗಳಿಗೆ ಹಣಕಾಸಿನ ಪರಿಹಾರ ನೀಡುವ ಅಲ್ಪಾವಧಿಯ ಸಾಮಾನ್ಯ ವಿಮೆಯಾಗಿದೆ. ಇದು ರೈಲು ಟಿಕೆಟಿನೊಂದಿಗೆ ಪಡೆಯುವ ಪೈಸೆಗಳ ಲೆಕ್ಕದ ವಿಮೆಯಿಂದ ಹಿಡಿದು ವಿದೇಶ ಪ್ರವಾಸ ಮತ್ತು ಹಡಗು ವಿಹಾರಗಳ ವಿಸ್ತೃತ ಪಾಲಿಸಿಗಳವರೆಗೆ ಹಲವು ರೂಪಗಳಲ್ಲಿ ದೊರೆಯುತ್ತದೆ. ಕೆಲವು ಸಂದರ್ಭಗಳಲ್ಲಿ ಕಾನೂನು ಇದನ್ನು ಕಡ್ಡಾಯಗೊಳಿಸಿದೆ; ಉಳಿದೆಡೆ ಇದು ಪ್ರಯಾಣಿಕನ ಆಯ್ಕೆಗೆ ಬಿಟ್ಟದ್ದು. ಈ ಲೇಖನವು ವಿಮೆಯ ಸ್ವರೂಪವನ್ನೂ, ಸಮುದ್ರದಿಂದ ದೂರವಿರುವ ಬೀದರ್, ಭಾಲ್ಕಿ ಮತ್ತು ಔರಾದ್‌ನಂತಹ ಊರುಗಳಿಂದ ಹೊರಡುವ ಪ್ರಯಾಣಿಕರಿಗೆ ಅದು ಅನ್ವಯವಾಗುವ ಬಗೆಯನ್ನೂ ವಿವರಿಸುತ್ತದೆ.

ಹಿನ್ನೆಲೆ

ವಿಮೆಯ ಇತಿಹಾಸವು ಸಮುದ್ರಯಾನದೊಂದಿಗೆ ಬೆಸೆದುಕೊಂಡಿದೆ. 17ನೆಯ ಶತಮಾನದ ಕೊನೆಯಲ್ಲಿ ಲಂಡನ್ನಿನ ಎಡ್ವರ್ಡ್ ಲಾಯ್ಡ್ ಎಂಬಾತನ ಕಾಫಿ ಅಂಗಡಿಯಲ್ಲಿ ಸೇರುತ್ತಿದ್ದ ವರ್ತಕರು ಹಡಗು ಮತ್ತು ಸರಕುಗಳ ಅಪಾಯವನ್ನು ಹಂಚಿಕೊಳ್ಳುತ್ತಿದ್ದರು. ಮುಂದೆ ಇದೇ 'ಲಾಯ್ಡ್ಸ್ ಆಫ್ ಲಂಡನ್' ಎಂಬ ವಿಮಾ ಮಾರುಕಟ್ಟೆಯಾಗಿ ಬೆಳೆಯಿತು. ಪ್ರಯಾಣಿಕರ ವೈಯಕ್ತಿಕ ವಿಮೆಯು 19ನೆಯ ಶತಮಾನದಲ್ಲಿ ರೈಲುಗಳು ಬಂದ ನಂತರ ರೂಢಿಗೆ ಬಂದಿತು.

ಇಂತಹ ರಕ್ಷಣೆ ಇಲ್ಲದ ಕಾಲದ ಪ್ರಯಾಣ ಹೇಗಿತ್ತೆಂಬುದಕ್ಕೆ ಬೀದರಿನ ಇತಿಹಾಸದಲ್ಲಿಯೇ ನಿದರ್ಶನವಿದೆ. 15ನೆಯ ಶತಮಾನದ ಉತ್ತರಾರ್ಧದಲ್ಲಿ ಬಹಮನಿ ರಾಜಧಾನಿಯಾಗಿದ್ದ ಬೀದರಿಗೆ ಬಂದ ರಷ್ಯಾದ ವರ್ತಕ ಅಫನಾಸಿ ನಿಕಿತಿನ್, ದಾರಿಯಲ್ಲಿ ಅಸ್ತ್ರಖಾನ್ ಬಳಿ ದರೋಡೆಗೆ ಒಳಗಾಗಿ ಸರಕನ್ನು ಕಳೆದುಕೊಂಡಿದ್ದನು. ಮಾರಾಟಕ್ಕೆಂದು ತಂದಿದ್ದ ಕುದುರೆಯನ್ನು ಜುನ್ನಾರಿನ ಅಧಿಕಾರಿ ಕಸಿದುಕೊಂಡಾಗ, ಅದು ಮರಳಿ ದೊರೆತದ್ದು ಮತ್ತೊಬ್ಬರ ಮಧ್ಯಸ್ಥಿಕೆಯಿಂದ. ಸ್ವದೇಶಕ್ಕೆ ಮರಳುವ ದಾರಿಯಲ್ಲಿ, ತನ್ನ ಊರು ತ್ವೇರ್ ತಲುಪುವ ಮೊದಲೇ ಆತ ಮರಣ ಹೊಂದಿದನು.

ಮುಖ್ಯ ರಕ್ಷಣೆಗಳು

ಪ್ರಯಾಣ ವಿಮೆಯ ಪಾಲಿಸಿಯಲ್ಲಿ ಸಾಮಾನ್ಯವಾಗಿ ಕೆಳಗಿನ ಅಂಶಗಳಿರುತ್ತವೆ. ಎಲ್ಲ ಪಾಲಿಸಿಗಳಲ್ಲಿಯೂ ಎಲ್ಲ ಅಂಶಗಳೂ ಇರುವುದಿಲ್ಲ.

- ಅಪಘಾತ ರಕ್ಷಣೆ: ಅಪಘಾತದಿಂದ ಮರಣ ಅಥವಾ ಶಾಶ್ವತ ಅಂಗವೈಕಲ್ಯ ಉಂಟಾದರೆ ನಿಗದಿತ ಮೊತ್ತದ ಪಾವತಿ.
- ವೈದ್ಯಕೀಯ ವೆಚ್ಚ: ಪ್ರಯಾಣದ ನಡುವೆ ಹಠಾತ್ತನೆ ಬಂದ ಕಾಯಿಲೆ ಅಥವಾ ಗಾಯದ ಚಿಕಿತ್ಸೆ.
- ತುರ್ತು ಸಾಗಣೆ: ರೋಗಿಯನ್ನು ಸೂಕ್ತ ಆಸ್ಪತ್ರೆಗೆ ಅಥವಾ ಊರಿಗೆ ಕರೆತರುವ, ಮರಣ ಸಂಭವಿಸಿದರೆ ಪಾರ್ಥಿವ ಶರೀರವನ್ನು ತಲುಪಿಸುವ ವೆಚ್ಚ.
- ಪ್ರಯಾಣ ರದ್ದತಿ ಮತ್ತು ಮೊಟಕು: ಪಾಲಿಸಿಯಲ್ಲಿ ಹೆಸರಿಸಿದ ಕಾರಣಗಳಿಂದ ಪ್ರವಾಸ ನಿಂತರೆ, ಮರಳಿ ಬಾರದ ಮುಂಗಡ ಹಣದ ಭರ್ತಿ.
- ವಿಳಂಬ ಮತ್ತು ಸಂಪರ್ಕ ತಪ್ಪುವಿಕೆ: ಒಂದು ವಾಹನ ತಡವಾಗಿ ಮುಂದಿನದು ತಪ್ಪಿದಾಗ ಆಗುವ ಖರ್ಚು.
- ಸಾಮಾನು ಮತ್ತು ಪಾಸ್‌ಪೋರ್ಟ್ ನಷ್ಟ.

ರೈಲು ಪ್ರಯಾಣ

ಬೀದರ್ ಮತ್ತು ಭಾಲ್ಕಿ ನಿಲ್ದಾಣಗಳು ವಿಕಾರಾಬಾದ್–ಲಾತೂರ್ ರಸ್ತೆ–ಪರಳಿ ಮಾರ್ಗದಲ್ಲಿದ್ದು, ದಕ್ಷಿಣ ಮಧ್ಯ ರೈಲ್ವೆಯ ಸಿಕಂದರಾಬಾದ್ ವಿಭಾಗಕ್ಕೆ ಸೇರಿವೆ. ಬೀದರ್–ಕಲಬುರಗಿ ಮಾರ್ಗವು 2017ರ ಅಕ್ಟೋಬರ್ 29ರಂದು ಉದ್ಘಾಟನೆಗೊಂಡಿತು. ಔರಾದ್ ಪಟ್ಟಣಕ್ಕೆ ರೈಲು ಸಂಪರ್ಕವಿಲ್ಲದ ಕಾರಣ ಅಲ್ಲಿನ ಪ್ರಯಾಣಿಕರು ರಸ್ತೆಯ ಮೂಲಕ ಬೀದರ್, ಭಾಲ್ಕಿ ಅಥವಾ ಕಮಲನಗರ ನಿಲ್ದಾಣಗಳಿಗೆ ಬರಬೇಕಾಗುತ್ತದೆ.

ಐಆರ್‌ಸಿಟಿಸಿ ಸಂಸ್ಥೆಯು 2016ರ ಸೆಪ್ಟೆಂಬರ್‌ನಲ್ಲಿ ಐಚ್ಛಿಕ ಪ್ರಯಾಣ ವಿಮೆಯನ್ನು ಆರಂಭಿಸಿತು. ಆರಂಭದಲ್ಲಿ ಪ್ರತಿ ಪ್ರಯಾಣಿಕನಿಗೆ 92 ಪೈಸೆಯಷ್ಟಿದ್ದ ಕಂತು ನಂತರ ಹಲವು ಬಾರಿ ಬದಲಾಗಿ 45 ಪೈಸೆಗೆ ಇಳಿಯಿತು. ಮರಣ ಮತ್ತು ಶಾಶ್ವತ ಪೂರ್ಣ ಅಂಗವೈಕಲ್ಯಕ್ಕೆ 10 ಲಕ್ಷ ರೂ., ಶಾಶ್ವತ ಭಾಗಶಃ ಅಂಗವೈಕಲ್ಯಕ್ಕೆ 7.5 ಲಕ್ಷ ರೂ.ವರೆಗೆ, ಆಸ್ಪತ್ರೆ ವೆಚ್ಚಕ್ಕೆ 2 ಲಕ್ಷ ರೂ.ವರೆಗೆ ಮತ್ತು ಪಾರ್ಥಿವ ಶರೀರದ ಸಾಗಣೆಗೆ 10,000 ರೂ. ಪರಿಹಾರವಿದೆ.

ಈ ವಿಮೆಯಲ್ಲಿ ಮೂರು ಮಿತಿಗಳಿವೆ. ಮೊದಲನೆಯದಾಗಿ, ಇದು ಆನ್‌ಲೈನ್ ಮೂಲಕ ಪಡೆದ ಖಚಿತ ಅಥವಾ ಆರ್‌ಎಸಿ ಟಿಕೆಟುಗಳಿಗೆ ಮಾತ್ರ ಅನ್ವಯಿಸುತ್ತದೆ. ನಿಲ್ದಾಣದ ಕೌಂಟರಿನಲ್ಲಿ ಕೊಂಡ ಟಿಕೆಟಿಗೆ ಇಲ್ಲ. ಎರಡನೆಯದಾಗಿ, ಟಿಕೆಟ್ ಪಡೆಯುವಾಗಲೇ ಪ್ರಯಾಣಿಕನು ಈ ಆಯ್ಕೆಯನ್ನು ಒಪ್ಪಿರಬೇಕು. ಮೂರನೆಯದಾಗಿ, ವಿಮಾ ಕಂಪನಿಯು ಮೊಬೈಲ್ ಅಥವಾ ಇ-ಮೇಲ್‌ಗೆ ಕಳುಹಿಸುವ ಕೊಂಡಿಯಲ್ಲಿ ನಾಮನಿರ್ದೇಶಿತರ ಹೆಸರನ್ನು ಪ್ರಯಾಣಿಕನೇ ತುಂಬಬೇಕು. ಊರಿನ ಮಧ್ಯವರ್ತಿಯ ಅಥವಾ ಪರಿಚಿತರ ಖಾತೆಯಿಂದ ಟಿಕೆಟ್ ಪಡೆದಾಗ ಈ ಸಂದೇಶವು ಅವರ ಫೋನಿಗೇ ಹೋಗುವ ಸಾಧ್ಯತೆ ಇರುತ್ತದೆ. ಆಗ ನಾಮನಿರ್ದೇಶನ ಖಾಲಿ ಉಳಿದು, ಕುಟುಂಬದವರು ಉತ್ತರಾಧಿಕಾರದ ದಾಖಲೆಗಳನ್ನು ಒದಗಿಸಬೇಕಾಗುತ್ತದೆ.

ವಿಮೆ ಇಲ್ಲದವರಿಗೂ 1989ರ ರೈಲ್ವೆ ಕಾಯ್ದೆಯ 124 ಮತ್ತು 124ಎ ವಿಧಿಗಳ ಅನ್ವಯ ರೈಲ್ವೆಯಿಂದ ಪರಿಹಾರ ಪಡೆಯುವ ಹಕ್ಕಿದೆ. ಮರಣ ಪರಿಹಾರದ ಮೊತ್ತವು 2017ರ ಜನವರಿ 1ರಿಂದ 4 ಲಕ್ಷದಿಂದ 8 ಲಕ್ಷ ರೂ.ಗೆ ಏರಿತು. ಇದನ್ನು ರೈಲ್ವೆ ಕ್ಲೇಮುಗಳ ನ್ಯಾಯಮಂಡಳಿಯಲ್ಲಿ ಕೋರಬೇಕು. ಐಚ್ಛಿಕ ವಿಮೆಯ ಹಣ ಇದಕ್ಕೆ ಹೆಚ್ಚುವರಿಯಾದದ್ದು.

ರಸ್ತೆ ಪ್ರಯಾಣ

1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಪ್ರತಿ ವಾಹನಕ್ಕೂ ಮೂರನೆಯ ವ್ಯಕ್ತಿ ವಿಮೆ ಕಡ್ಡಾಯ. ಅಪಘಾತಕ್ಕೊಳಗಾದವರು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ ಅರ್ಜಿ ಸಲ್ಲಿಸಬಹುದು. 2022ರ ಏಪ್ರಿಲ್ 1ರಿಂದ ಇದಕ್ಕೆ 6 ತಿಂಗಳ ಕಾಲಮಿತಿ ಜಾರಿಗೆ ಬಂದಿತು. ಡಿಕ್ಕಿ ಹೊಡೆದು ಪರಾರಿಯಾದ ವಾಹನ ಪತ್ತೆಯಾಗದಿದ್ದರೆ, ಅದೇ ದಿನದಿಂದ ಜಾರಿಯಾದ ಯೋಜನೆಯಡಿ ಮರಣಕ್ಕೆ 2 ಲಕ್ಷ ಮತ್ತು ತೀವ್ರ ಗಾಯಕ್ಕೆ 50,000 ರೂ. ದೊರೆಯುತ್ತದೆ. ಹೀಗಾಗಿ ಜಿಲ್ಲೆಯೊಳಗಿನ ಅಥವಾ ಹೈದರಾಬಾದ್, ಕಲಬುರಗಿಗಳ ದೈನಂದಿನ ಬಸ್ ಪ್ರಯಾಣಕ್ಕೆ ಪ್ರತ್ಯೇಕ ಪ್ರಯಾಣ ವಿಮೆಯ ಅಗತ್ಯ ಕಡಿಮೆ. ವರ್ಷಪೂರ್ತಿಯ ವೈಯಕ್ತಿಕ ಅಪಘಾತ ವಿಮೆಯು ಇಲ್ಲಿ ಹೆಚ್ಚು ಉಪಯುಕ್ತ.

ಉದ್ಯೋಗಕ್ಕಾಗಿ ವಿದೇಶ ಪ್ರಯಾಣ

ಹತ್ತನೆಯ ತರಗತಿ ತೇರ್ಗಡೆಯಾಗದ ಕಾರಣ ವಲಸೆ ಪರಿಶೀಲನೆಯ ವರ್ಗಕ್ಕೆ ಸೇರಿದ ಪಾಸ್‌ಪೋರ್ಟ್ ಹೊಂದಿದವರು ಸೌದಿ ಅರೇಬಿಯಾ, ಕತಾರ್, ಕುವೈತ್, ಒಮಾನ್ ಮುಂತಾದ ನಿಗದಿತ ದೇಶಗಳಿಗೆ ದುಡಿಮೆಗೆ ಹೋಗುವಾಗ 'ಪ್ರವಾಸಿ ಭಾರತೀಯ ಬಿಮಾ ಯೋಜನೆ' ಕಡ್ಡಾಯವಾಗಿದೆ. 2003ರಲ್ಲಿ ಆರಂಭವಾದ ಈ ಯೋಜನೆಯು ಅಪಘಾತ ಮರಣ ಹಾಗೂ ಶಾಶ್ವತ ಅಂಗವೈಕಲ್ಯಕ್ಕೆ 10 ಲಕ್ಷ ರೂ. ರಕ್ಷಣೆ ನೀಡುತ್ತದೆ. 2017ರ ಪರಿಷ್ಕರಣೆಯಂತೆ ಎರಡು ವರ್ಷಕ್ಕೆ 275 ರೂ. ಹಾಗೂ ಮೂರು ವರ್ಷಕ್ಕೆ 375 ರೂ. ಕಂತು ನಿಗದಿಯಾಗಿದ್ದು, ತೆರಿಗೆ ಪ್ರತ್ಯೇಕ. ಪ್ರವಾಸಿ ವೀಸಾದ ಮೇಲೆ ಹೋಗಿ ದುಡಿಯುವವರು ಈ ರಕ್ಷಣೆಯಿಂದ ಹೊರಗುಳಿಯುತ್ತಾರೆ.

ಹಡಗು ವಿಹಾರ

ಭಾರತದ ಪಶ್ಚಿಮ ಕರಾವಳಿಯಲ್ಲಿ ವಿಹಾರ ನೌಕೆಗಳ ಸಂಚಾರ ಮಳೆಗಾಲದ ನಂತರ ಚುರುಕಾಗುತ್ತದೆ. ಚಳಿಗಾಲದಲ್ಲಿ ಸಮುದ್ರ ಶಾಂತವಾಗಿರುವುದೇ ಇದಕ್ಕೆ ಕಾರಣ. ಮುಂಬೈಯಿಂದ ಗೋವಾ ಮತ್ತು ಲಕ್ಷದ್ವೀಪಗಳಿಗೆ ಹೋಗುವ ಎರಡರಿಂದ ಐದು ರಾತ್ರಿಗಳ ಪ್ರವಾಸಗಳು ಪ್ರಚಲಿತವಾಗಿವೆ. ಬೀದರ್ ಜಿಲ್ಲೆಯಿಂದ ಹೊರಡುವವರಿಗೆ ಮುಂಬೈವರೆಗಿನ ರಾತ್ರಿ ರೈಲು ಅಥವಾ ಬಸ್ಸು ಈ ಪ್ರವಾಸದ ಮೊದಲ ಹಂತವಾಗುತ್ತದೆ.

ಹಡಗು ವಿಹಾರಕ್ಕೆ ವಿಮೆ ಬೇಕೇ ಎಂಬ ಪ್ರಶ್ನೆಯು ಇತರ ಪ್ರಯಾಣಗಳಿಗಿಂತ ಭಿನ್ನವಾಗಿರುವುದಕ್ಕೆ ಕೆಳಗಿನ ಕಾರಣಗಳಿವೆ.

- ಹಡಗು ತಡವಾಗಿ ಬಂದವರಿಗಾಗಿ ಕಾಯುವುದಿಲ್ಲ. ರೈಲು ವಿಳಂಬದಿಂದ ಹಡಗು ತಪ್ಪಿದರೆ ಪೂರ್ಣ ಶುಲ್ಕ ನಷ್ಟವಾಗಬಹುದು.
- ಹೊರಡುವ ದಿನ ಹತ್ತಿರವಾದಂತೆ ರದ್ದತಿಯ ಕಡಿತ ಏರುತ್ತಾ ಹೋಗಿ, ಕೊನೆಯ ದಿನಗಳಲ್ಲಿ ಏನೂ ಮರಳದ ನಿಯಮಗಳು ಸಾಮಾನ್ಯ.
- ಹಡಗಿನ ವೈದ್ಯರ ಸೇವೆಗೆ ಪ್ರತ್ಯೇಕ ಶುಲ್ಕವಿರುತ್ತದೆ. ಗಂಭೀರ ಸ್ಥಿತಿಯಲ್ಲಿ ರೋಗಿಯನ್ನು ದಡಕ್ಕೆ ಸಾಗಿಸುವುದು ದುಬಾರಿ.
- ಒಬ್ಬರಿಗೆ ತಗುಲಿದ ಸೋಂಕು ಇತರರಿಗೆ ಬೇಗ ಹರಡುತ್ತದೆ.

ಕೊನೆಯ ಅಂಶವು ಕೋವಿಡ್ ಕಾಲದಲ್ಲಿ ಸ್ಪಷ್ಟವಾಯಿತು. 2020ರ ಫೆಬ್ರುವರಿಯಲ್ಲಿ ಜಪಾನಿನ ಯೊಕೊಹಾಮಾದಲ್ಲಿ 3,711 ಜನರಿದ್ದ 'ಡೈಮಂಡ್ ಪ್ರಿನ್ಸೆಸ್' ಹಡಗನ್ನು ಪ್ರತ್ಯೇಕವಾಸಕ್ಕೆ ಒಳಪಡಿಸಲಾಯಿತು. 700ಕ್ಕೂ ಹೆಚ್ಚು ಮಂದಿಗೆ ಸೋಂಕು ತಗುಲಿತು. 2022ರ ಜನವರಿಯಲ್ಲಿ ಮುಂಬೈಯಿಂದ ಗೋವಾಕ್ಕೆ ಬಂದ, ಸುಮಾರು 2,000 ಜನರಿದ್ದ ವಿಹಾರ ನೌಕೆಯಲ್ಲಿ 66 ಮಂದಿಗೆ ಸೋಂಕು ಕಂಡುಬಂದು, ಹಡಗು ಮುಂಬೈಗೆ ಹಿಂದಿರುಗಿತು.

ಪಾಲಿಸಿಯ ವಿಧವೂ ಮುಖ್ಯ. ಮುಂಬೈ–ಗೋವಾ–ಲಕ್ಷದ್ವೀಪ ಪ್ರವಾಸವು ದೇಶೀಯ ಪ್ರಯಾಣವಾದ್ದರಿಂದ ವಿದೇಶ ಪ್ರವಾಸದ ಪಾಲಿಸಿ ಅದಕ್ಕೆ ಹೊಂದುವುದಿಲ್ಲ. ಸಿಂಗಪುರ, ದುಬೈ ಮುಂತಾದೆಡೆ ಹಡಗು ಹತ್ತುವವರಿಗೆ ವಿದೇಶ ಪಾಲಿಸಿ ಬೇಕಾಗುತ್ತದೆ. ಕೆಲವು ಪಾಲಿಸಿಗಳಲ್ಲಿ ಹಡಗು ವಿಹಾರವನ್ನು ಹೆಚ್ಚುವರಿ ಕಂತು ಕಟ್ಟಿ ಸೇರಿಸಿಕೊಳ್ಳಬೇಕು.

ಕೊಳ್ಳುವ ನಿರ್ಧಾರ

ವಿಮೆಯ ಮೂಲತತ್ತ್ವವು ತನ್ನಿಂದ ಭರಿಸಲಾಗದ ನಷ್ಟವನ್ನು ಸಣ್ಣ ಕಂತಿನ ಬದಲಿಗೆ ಮತ್ತೊಬ್ಬರಿಗೆ ವರ್ಗಾಯಿಸುವುದಾಗಿದೆ. ಆದ್ದರಿಂದ ನಷ್ಟದ ಪ್ರಮಾಣ ಮತ್ತು ಅದನ್ನು ತಾಳಿಕೊಳ್ಳುವ ಶಕ್ತಿ, ಇವೆರಡನ್ನೂ ತೂಗಿ ನೋಡಬೇಕಾಗುತ್ತದೆ. ಉದಾಹರಣೆಗೆ, ನಾಲ್ವರ ಕುಟುಂಬವು ಹಡಗು ವಿಹಾರಕ್ಕೆ 1,20,000 ರೂ. ಮುಂಗಡ ಕಟ್ಟಿದ್ದು, ವಿಮೆಯ ಕಂತು 3,000 ರೂ. ಎಂದು ಭಾವಿಸಿದರೆ, ಕಂತು ಒಟ್ಟು ಮೊತ್ತದ ಶೇ. 2.5ರಷ್ಟಾಗುತ್ತದೆ. ವಯಸ್ಸಾದ ತಂದೆ-ತಾಯಿ ಜೊತೆಗಿದ್ದರೆ ಅಥವಾ ಆ ಹಣ ವರ್ಷಗಳ ಉಳಿತಾಯವಾಗಿದ್ದರೆ ಈ ಖರ್ಚು ಸಮರ್ಥನೀಯ. ಅದೇ ಕುಟುಂಬವು ಪೂರ್ಣ ಹಣ ಮರಳುವ ಟಿಕೆಟ್ ಪಡೆದಿದ್ದು, ದೇಶದ ಯಾವುದೇ ಆಸ್ಪತ್ರೆಯಲ್ಲಿ ನಡೆಯುವ ಆರೋಗ್ಯ ವಿಮೆಯನ್ನು ಹೊಂದಿದ್ದರೆ ಪ್ರತ್ಯೇಕ ಪಾಲಿಸಿಯಿಂದ ಲಾಭ ಅಲ್ಪ.

ಹೊರದೇಶದ ಪ್ರಯಾಣದಲ್ಲಿ ಲೆಕ್ಕ ಬದಲಾಗುತ್ತದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ಸೌಲಭ್ಯ ದೇಶದ ಗಡಿಯಾಚೆ ದೊರೆಯುವುದಿಲ್ಲ. ಅಮೆರಿಕದಂತಹ ದೇಶಗಳಲ್ಲಿ ಆಸ್ಪತ್ರೆ ವೆಚ್ಚ ಬಹಳ ಹೆಚ್ಚಾಗಿರುವುದರಿಂದ, ಮಕ್ಕಳ ಬಳಿಗೆ ಹೋಗುವ ಹಿರಿಯರಿಗೆ ವೈದ್ಯಕೀಯ ವಿಮೆ ಅತ್ಯಗತ್ಯವೆನಿಸುತ್ತದೆ. ಯುರೋಪಿನ ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ.

ಹೊರಗಿಡುವಿಕೆಗಳು

ಪರಿಹಾರ ನಿರಾಕರಣೆಗೆ ಸಾಮಾನ್ಯ ಕಾರಣವೆಂದರೆ ಪಾಲಿಸಿಗೆ ಮೊದಲೇ ಇದ್ದ ಕಾಯಿಲೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದ್ರೋಗಗಳನ್ನು ಅರ್ಜಿಯಲ್ಲಿ ಮರೆಮಾಚಿದರೆ ವಿಮಾ ಒಪ್ಪಂದದ ಆಧಾರವಾದ ಪರಸ್ಪರ ಸದ್ಭಾವನೆಯ ತತ್ತ್ವಕ್ಕೆ ಭಂಗ ಬಂದು ಪಾಲಿಸಿಯೇ ಅಸಿಂಧುವಾಗಬಹುದು. ತಿಳಿಸಿದ ಕಾಯಿಲೆಗೂ ಹಲವು ಪಾಲಿಸಿಗಳು ಪ್ರಾಣಾಪಾಯದ ತುರ್ತು ಸಂದರ್ಭದಲ್ಲಿ ಮಾತ್ರ ಹಣ ನೀಡುತ್ತವೆ. ಮದ್ಯಪಾನದ ಅಮಲಿನಲ್ಲಾದ ಅಪಘಾತ, ಕಾವಲಿಲ್ಲದೆ ಬಿಟ್ಟ ಸಾಮಾನು, ಪಾಲಿಸಿ ಕೊಳ್ಳುವ ವೇಳೆಗೆ ತಿಳಿದಿದ್ದ ಚಂಡಮಾರುತ ಅಥವಾ ಮುಷ್ಕರ ಸಹ ಸಾಮಾನ್ಯವಾಗಿ ಹೊರಗುಳಿಯುತ್ತವೆ. 'ಹೋಗಲು ಮನಸ್ಸಾಗಲಿಲ್ಲ' ಎಂಬುದು ರದ್ದತಿಯ ಅಂಗೀಕೃತ ಕಾರಣವಲ್ಲ.

ಪರಿಹಾರ ಪಡೆಯುವ ಕ್ರಮ

ಬೀದರ್ ಜಿಲ್ಲೆಯ ರೈತರಿಗೆ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯ ಮೂಲಕ ವಿಮೆ ಪರಿಚಿತವಾಗಿದೆ. ಆ ಯೋಜನೆಯಲ್ಲಿ ಆಲಿಕಲ್ಲು ಮಳೆಯಂತಹ ಸ್ಥಳೀಯ ವಿಕೋಪದಿಂದಾದ ಬೆಳೆ ಹಾನಿಯನ್ನು 72 ಗಂಟೆಗಳೊಳಗೆ ತಿಳಿಸಬೇಕಾದಂತೆ, ಪ್ರಯಾಣ ವಿಮೆಯಲ್ಲಿಯೂ ಪಾಲಿಸಿಯಲ್ಲಿ ಹೇಳಿದ ಅವಧಿಯೊಳಗೆ ಕಂಪನಿಗೆ ಮಾಹಿತಿ ನೀಡುವುದು ಅವಶ್ಯ. ಆಸ್ಪತ್ರೆಯ ಬಿಲ್ಲು ಮತ್ತು ವರದಿ, ಕಳವಾದರೆ ಪೊಲೀಸ್ ದೂರಿನ ಪ್ರತಿ, ವಿಳಂಬವಾದರೆ ಸಾರಿಗೆ ಸಂಸ್ಥೆಯ ದೃಢೀಕರಣ, ಮೂಲ ಟಿಕೆಟ್ ಇವುಗಳನ್ನು ಕಾಯ್ದಿರಿಸಬೇಕು. ಪಾಲಿಸಿಯ ಸಂಖ್ಯೆ ಮತ್ತು ಸಹಾಯವಾಣಿಯನ್ನು ಮನೆಯಲ್ಲಿ ಉಳಿದವರಿಗೂ ತಿಳಿಸಿರುವುದು ಒಳಿತು. ಅಪಘಾತದ ಸಂದರ್ಭದಲ್ಲಿ ಕಂಪನಿಗೆ ತಿಳಿಸಬೇಕಾದವರು ಹೆಚ್ಚಾಗಿ ಅವರೇ ಆಗಿರುತ್ತಾರೆ.

ದೂರು ಪರಿಹಾರ

ಭಾರತದಲ್ಲಿ ವಿಮಾ ಕಂಪನಿಗಳನ್ನು ಹೈದರಾಬಾದಿನಲ್ಲಿ ಕೇಂದ್ರ ಕಚೇರಿಯಿರುವ ಭಾರತೀಯ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರವು ನಿಯಂತ್ರಿಸುತ್ತದೆ. ದೂರನ್ನು ಮೊದಲು ಕಂಪನಿಗೇ ಲಿಖಿತವಾಗಿ ಸಲ್ಲಿಸಬೇಕು. ಒಂದು ತಿಂಗಳೊಳಗೆ ಉತ್ತರ ಬಾರದಿದ್ದರೆ ಅಥವಾ ಉತ್ತರ ತೃಪ್ತಿಕರವಾಗಿಲ್ಲದಿದ್ದರೆ, ಒಂದು ವರ್ಷದೊಳಗೆ ವಿಮಾ ಲೋಕಪಾಲರಿಗೆ ದೂರು ನೀಡಬಹುದು. ಕರ್ನಾಟಕಕ್ಕೆ ಸಂಬಂಧಿಸಿದ ಕಚೇರಿ ಬೆಂಗಳೂರಿನಲ್ಲಿದ್ದು, ಇದಕ್ಕೆ ಶುಲ್ಕವಿಲ್ಲ. ಲೋಕಪಾಲರು 50 ಲಕ್ಷ ರೂ.ವರೆಗಿನ ಪರಿಹಾರವನ್ನು ಆದೇಶಿಸಬಹುದು. ಆ ಆದೇಶಕ್ಕೆ ಕಂಪನಿ ಬದ್ಧವಾಗಿರುತ್ತದೆ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ದೂರುದಾರನು ತಾನು ವಾಸಿಸುವ ಜಿಲ್ಲೆಯಲ್ಲಿಯೇ ದಾವೆ ಹೂಡಲು ಅವಕಾಶ ನೀಡಿದೆ. ಹೀಗಾಗಿ ಪಾಲಿಸಿಯನ್ನು ಮುಂಬೈಯಲ್ಲಿ ಕೊಂಡಿದ್ದರೂ, ನಷ್ಟವು ಸಮುದ್ರದ ನಡುವೆ ಸಂಭವಿಸಿದ್ದರೂ, ಔರಾದ್ ಅಥವಾ ಭಾಲ್ಕಿಯ ನಿವಾಸಿಯು ಬೀದರಿನ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ಎರಡು ವರ್ಷಗಳೊಳಗೆ ದೂರು ದಾಖಲಿಸಬಹುದಾಗಿದೆ.