ಕಬ್ಬಿನ ತಳಿಯನ್ನು ತಿದ್ದಿದ ವೆಂಕಟರಾಮನ್ನರು

ಸಂಕ್ರಾಂತಿಯ ದಿನ ಎಳ್ಳುಬೆಲ್ಲದೊಡನೆ ಕಬ್ಬಿನ ತುಂಡನ್ನು ಬೀರುವುದು ನಮ್ಮಲ್ಲಿ ನಡೆದುಬಂದ ಪದ್ಧತಿಯಷ್ಟೆ. ಆ ತುಂಡಿನ ವಂಶಾವಳಿಯನ್ನು ವಿಚಾರಿಸುವವರು ವಿರಳ. ವಿಚಾರಿಸಿದಲ್ಲಿ, ಹೊಳೆಯ ದಂಡೆಯಲ್ಲಿ ತಾನಾಗಿ ಬೆಳೆಯುವ ಕಾಡುಹುಲ್ಲೊಂದು ಅದರ ಪೂರ್ವಜರಲ್ಲಿ ಸೇರಿರುವುದು ಬಹುಮಟ್ಟಿಗೆ ಕಂಡುಬರುತ್ತದೆ. ಈ ವಿಚಿತ್ರ ಬಾಂಧವ್ಯವನ್ನು ಬೆಳೆಸಿದವರಲ್ಲಿ ಅಗ್ರಗಣ್ಯರು ಸರ್ ಟಿ. ಎಸ್. ವೆಂಕಟರಾಮನ್ (1884-1963).

ಇಪ್ಪತ್ತನೆಯ ಶತಮಾನದ ಆದಿಯಲ್ಲಿ ನಮ್ಮ ದೇಶದ ಸ್ಥಿತಿ ನಾಚಿಕೆಗೊಳಿಸುವಂತಿತ್ತು. ಸಕ್ಕರೆಯೆಂಬ ಹೆಸರನ್ನೇ ಲೋಕಕ್ಕೆ ಕೊಟ್ಟ ಭರತಖಂಡವು ಸಕ್ಕರೆಗಾಗಿ ಜಾವಾ ದ್ವೀಪದ ಹಡಗುಗಳನ್ನು ಎದುರುನೋಡುತ್ತಿತ್ತು. ಉತ್ತರದ ಬಯಲುಗಳಲ್ಲಿ ಬೆಳೆಯುತ್ತಿದ್ದ ಕಬ್ಬು ಗಟ್ಟಿಮುಟ್ಟಾದುದು, ಆದರೆ ಸಣಕಲು. ನಮ್ಮ ರಸದಾಳಿಯಂತಹ ದಪ್ಪ ಜಾತಿಗಳು ರಸಭರಿತವಾದರೂ ಅಲ್ಲಿಯ ಚಳಿಯನ್ನು ತಾಳಲಾರವು. ಒಂದರ ಬಲವೂ ಇನ್ನೊಂದರ ಸಿಹಿಯೂ ಒಂದೇ ಜಲ್ಲೆಯಲ್ಲಿ ಕೂಡುವುದೆಂತು?

ಈ ಪ್ರಶ್ನೆಯನ್ನು ಬಿಡಿಸಲು 1912ರಲ್ಲಿ ಕೊಯಮತ್ತೂರಿನಲ್ಲಿ ಕಬ್ಬಿನ ತಳಿಸಂಶೋಧನಾ ಕೇಂದ್ರವು ಸ್ಥಾಪಿತವಾಯಿತು. ಡಾಕ್ಟರ್ ಬಾರ್ಬರರು ಅದರ ಮುಖ್ಯಸ್ಥರು. ವೆಂಕಟರಾಮನ್ನರು ಅವರ ಸಹಾಯಕರು. ರೈತನು ಕಬ್ಬನ್ನು ತುಂಡಿನಿಂದ ಬೆಳೆಸುತ್ತಾನೆ. ಆದುದರಿಂದ ಸಸಿಯು ತಾಯಿಯ ಪಡಿಯಚ್ಚಾಗಿರುತ್ತದೆ. ಹೊಸ ಗುಣ ಬರಬೇಕಾದರೆ ಬೀಜ ಬೇಕು, ಬೀಜಕ್ಕೆ ಹೂ ಬೇಕು. ಕೊಯಮತ್ತೂರಿನ ಹವೆಯಲ್ಲಿ ಸೂಲಂಗಿ ಚೆನ್ನಾಗಿ ಮೂಡುತ್ತದೆ. ಸ್ಥಳದ ಆಯ್ಕೆಗೆ ಇದೇ ಕಾರಣ.

ಅಲ್ಲಿ ‘ವೆಳ್ಳೈ’ ಎಂಬ ದಪ್ಪ ಕಬ್ಬಿಗೂ ಸ್ಥಳೀಯ ಕಾಡುಹುಲ್ಲಿಗೂ ಸಂಕರ ನಡೆಯಿತು. ರೈತನು ಕಳೆಯೆಂದು ಕಿತ್ತೆಸೆಯುವ ಸಸ್ಯವನ್ನು ಬೀಗನನ್ನಾಗಿ ಮಾಡಿಕೊಂಡುದೇ ಈ ಸಾಹಸದ ಮರ್ಮ. ಅದರ ಫಲವಾದ ಕೋ 205 ಎಂಬ ತಳಿಯು 1918ರಲ್ಲಿ ಹೊರಬಂದು ಪಂಜಾಬಿನ ಹೊಲಗಳನ್ನು ಸೇರಿತು. ಬಾರ್ಬರರ ನಿವೃತ್ತಿಯ ತರುವಾಯ 1942ರವರೆಗೂ ಕೇಂದ್ರದ ಹೊಣೆಯನ್ನು ವೆಂಕಟರಾಮನ್ನರೇ ಹೊತ್ತರು. 1933ರ ಕೋ 419 ದಕ್ಷಿಣದಲ್ಲಿ ಹಬ್ಬಿ, ನಮ್ಮ ನಾಲೆಯ ಬಯಲುಗಳಲ್ಲಿಯೂ ನೆಲೆಯೂರಿತು.

ಅವರ ಪ್ರಯತ್ನಗಳೆಲ್ಲವೂ ಕೈಗೂಡಿದುವೆಂದಲ್ಲ. ಕಬ್ಬನ್ನು ಜೋಳದೊಡನೆಯೂ ಬಿದಿರಿನೊಡನೆಯೂ ಕೂಡಿಸಿ ನೋಡಿದರು. ಈ ಸಂಕರಗಳು ವಿದ್ವಾಂಸರ ಕುತೂಹಲವನ್ನು ಕೆರಳಿಸಿದುವೇ ಹೊರತು ರೈತನ ಬೆಳೆಯಾಗಲಿಲ್ಲ. ತಳಿಕಾರನ ಬಾಳೆಂದರೆ ಹೀಗೆಯೇ: ಸಾವಿರಾರು ಸಸಿಗಳನ್ನು ಸಾಕಿ, ಬಹುಪಾಲನ್ನು ತನ್ನ ಕೈಯಿಂದಲೇ ತಳ್ಳಿ, ಒಂದೆರಡನ್ನು ಉಳಿಸಿಕೊಳ್ಳುವುದು.

ಸಕ್ಕರೆಯ ಆಮದು ತಗ್ಗಿದುದಕ್ಕೆ 1932ರ ರಕ್ಷಣಾ ಸುಂಕವೂ ಕಾರಣವೆಂಬುದನ್ನು ಮರೆಯಲಾಗದು. ಆದರೆ ಸುಂಕವು ಪರದೇಶದ ಸರಕನ್ನು ತಡೆಯಬಲ್ಲುದೇ ವಿನಾ, ನಮ್ಮ ಗದ್ದೆಯ ಕಬ್ಬಿಗೆ ರಸವನ್ನು ತುಂಬಲಾರದು. ಆ ಕಾರ್ಯವನ್ನು ಮಾಡಿದವರ ಹೆಸರು ಕಬ್ಬಿನ ಮೇಲಿಲ್ಲ. ‘ಕೋ’ ಎಂಬುದು ಊರಿನ ಗುರುತು, ಉಳಿದುದು ಅಂಕಿ. ಮುಂದಿನ ಸಂಕ್ರಾಂತಿಯಲ್ಲಿ ಕಬ್ಬನ್ನು ಜಗಿಯುವಾಗಲಾದರೂ ಆ ಅಂಕಿಯ ಹಿಂದಿದ್ದ ವ್ಯಕ್ತಿಯನ್ನು ನಾವು ಒಮ್ಮೆ ನೆನೆಯುವುದು ಉಚಿತವಲ್ಲವೆ?