ಟಿಕೆಟ್ ಹಿಂದಿನ ಬಾಕಿ

ನಮ್ಮ ಕಡೆ ಬಸ್ಸಿನಲ್ಲಿ ಓಡಾಡಿದ ಯಾರ ಹಳೆಯ ಪುಸ್ತಕ ಕೊಡವಿದರೂ ಒಂದೆರಡು ಟಿಕೆಟ್ ಉದುರುತ್ತವೆ. ಹಿಂದುಗಡೆ ಕಂಡಕ್ಟರ್ ಕೊಡಬೇಕಾಗಿದ್ದ ಚಿಲ್ಲರೆಯನ್ನು ಬಾಲ್ ಪೆನ್ನಿನಲ್ಲಿ 12 ಎಂದೋ 40 ಎಂದೋ ಗೀಚಿ, ಸುತ್ತ ಒಂದು ಸೊನ್ನೆ ಎಳೆದಿರುತ್ತದೆ. ಮೆಷಿನ್ ಟಿಕೆಟ್ ಆದರೆ ಮುಂದಿನ ಅಚ್ಚು ಒಂದು ಬೇಸಿಗೆ ಕಳೆಯುವುದರೊಳಗೆ ಮಾಸಿ ಬೆಳ್ಳಗಾಗುತ್ತದೆ. ಎಲ್ಲಿ ಹತ್ತಿದೆವು, ಎಲ್ಲಿ ಇಳಿದೆವು, ಎಷ್ಟು ಕೊಟ್ಟೆವು ಎಲ್ಲ ಅಳಿಸಿಹೋಗಿ, ನಮಗೆ ಬರಬೇಕಾಗಿದ್ದ ಬಾಕಿಯೊಂದು ನೀಲಿಯಾಗಿ ಹಾಗೇ ಉಳಿದಿರುತ್ತದೆ. ಬೆಂಗಳೂರಿನ ಮೆಟ್ರೋ ಕಾರ್ಡಿನಲ್ಲಿ ಉಳಿದುಹೋಗುವ ದುಡ್ಡಿನ ಬಗ್ಗೆ ಈಗ ಎಲ್ಲರೂ ಮಾತಾಡುತ್ತಾರೆ. ತಿಪಟೂರು ಕಡೆಯ ನಮ್ಮ ಕಲ್ಪತರು ನಾಡಿನಲ್ಲಿ ಆ ದುಡ್ಡಿನ ಚರಿತ್ರೆ ಈ ಚೀಟಿಯ ಬೆನ್ನಿನ ಮೇಲಿದೆ.

ನಾನು ತಿಪಟೂರಿನ ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತಳಾದವಳು. ತವರು ಚಿಕ್ಕನಾಯಕನಹಳ್ಳಿ, ಮನೆ ತುರುವೇಕೆರೆ. ಈ ಮೂರೂ ಊರುಗಳಲ್ಲಿ ರೈಲು ಇರುವುದು ತಿಪಟೂರಿಗೆ ಮಾತ್ರ. ಮಿಕ್ಕ ಎರಡಕ್ಕೂ ಬಸ್ಸೇ ಗತಿ. ತುರುವೇಕೆರೆಯಿಂದ ತವರಿಗೆ ಹೋಗಬೇಕೆಂದರೆ ಕಿಬ್ಬನಹಳ್ಳಿ ಕ್ರಾಸ್ ದಾಟಲೇಬೇಕು. ಹುಳಿಯಾರು, ಚಿಕ್ಕನಾಯಕನಹಳ್ಳಿ ಕಡೆಯಿಂದ ಬಂದು ತುರುವೇಕೆರೆ, ಮಾಯಸಂದ್ರದ ಕಡೆ ಇಳಿಯುವ ರಸ್ತೆಯೂ ತುಮಕೂರು–ತಿಪಟೂರು ರಸ್ತೆಯೂ ಕೂಡುವುದು ಅಲ್ಲೇ. ಎಷ್ಟೋ ಜನರ ಚಿಲ್ಲರೆ ಕೈತಪ್ಪಿದ್ದೂ ಅಲ್ಲೇ. ಅಲ್ಲಿ ಬಸ್ಸು ನಿಲ್ಲುವ ಹೊತ್ತು ಕಮ್ಮಿ, ಎದುರಿಗೆ ಇನ್ನೊಂದು ಬಸ್ಸು ಹೊರಟು ನಿಂತಿರುತ್ತದೆ.

ಚಿಲ್ಲರೆಯ ಬರ ಸರ್ಕಾರಿ ಬಸ್ಸಿಗಿಂತ ಹಳೆಯದು. ಎರಡನೇ ಮಹಾಯುದ್ಧದ ಹೊತ್ತಿಗೆ ದೇಶದಲ್ಲೆಲ್ಲ ಸಣ್ಣ ನಾಣ್ಯಕ್ಕೆ ಹಾಹಾಕಾರ. ತಾಮ್ರ ಉಳಿಸಲೆಂದು 1943ರಲ್ಲಿ ನಡುವೆ ತೂತಿದ್ದ ಕಾಸು ಟಂಕಿಸಿದರು. ನಮ್ಮಪ್ಪ ಅಂಥವನ್ನು ಉಡಿದಾರಕ್ಕೆ ಪೋಣಿಸಿಕೊಂಡು ಸಂತೆಗೆ ಹೋಗುತ್ತಿದ್ದರಂತೆ. ಹಲವು ಸಂಸ್ಥಾನಗಳು ನಾಣ್ಯ ಸಾಲದೆ ರಟ್ಟಿನ ಚೀಟಿಗಳನ್ನೇ ಕಾಸೆಂದು ಚಲಾವಣೆಗೆ ಬಿಟ್ಟಿದ್ದವು. ಆಮೇಲೆ, 1948ರ ಸೆಪ್ಟೆಂಬರ್‌ನಲ್ಲಿ, ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ 120 ಬಸ್ಸುಗಳೊಂದಿಗೆ ಶುರುವಾಯಿತು. 1961ರಲ್ಲಿ ಅದು ನಿಗಮವಾಯಿತು, ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾದ ಮೇಲೆ ಕೆಎಸ್‌ಆರ್‌ಟಿಸಿ ಆಯಿತು.

ನಡುವೆ 1957ರ ಏಪ್ರಿಲ್ 1 ಬಂತು. ಆಣೆ ಹೋಗಿ ನಯಾಪೈಸೆ ಬಂದ ದಿನ ಅದು. ಈ ಭಾಗವನ್ನು ಮಕ್ಕಳಿಗೆ ಪಾಠ ಮಾಡುವಾಗ ನಾನು ಯಾವತ್ತೂ ಅವಸರ ಮಾಡಲಿಲ್ಲ. ರೂಪಾಯಿಗೆ ಹದಿನಾರು ಆಣೆ, ಈಗ ನೂರು ಪೈಸೆ. ಒಂದಾಣೆಗೆ ಆರೂಕಾಲು ಪೈಸೆ ಬರಬೇಕು, ಕಾಲು ಪೈಸೆಯನ್ನು ಎಲ್ಲಿಂದ ತರುವುದು? ಸರ್ಕಾರ ಪಟ್ಟಿ ಮಾಡಿ ಹಂಚಿತು: ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19, ನಾಲ್ಕಾಣೆಗೆ 25. ನಾಲ್ಕಾಣೆಯನ್ನು ಒಟ್ಟಿಗೆ ಕೊಟ್ಟವನಿಗೆ 25 ಪೈಸೆ, ಒಂದೊಂದೇ ಆಣೆಯಾಗಿ ನಾಲ್ಕು ಸಲ ಕೊಟ್ಟವನಿಗೆ 24. ಕಳೆದ ಒಂದು ಪೈಸೆ ಯಾವಾಗಲೂ ಸಣ್ಣದಾಗಿ ಖರ್ಚು ಮಾಡುವವನದೇ. ಲೆಕ್ಕ ಬಿಡಿಸಿದ ಮಕ್ಕಳು ಇದನ್ನು ತಾವಾಗಿಯೇ ಕಂಡುಕೊಂಡು ‘ಅನ್ಯಾಯ ಅಲ್ವಾ ಮಿಸ್’ ಎನ್ನುತ್ತಿದ್ದರು. ಹೌದು, ಅನ್ಯಾಯವೇ. ಮುಂದಿನ ಕಥೆಯೆಲ್ಲ ಆ ಒಂದು ಪೈಸೆಯದೇ.

ನಮ್ಮ ಸೀಮೆಯಲ್ಲಿ ಚಿಲ್ಲರೆ ತತ್ವಾರಕ್ಕೆ ಇನ್ನೊಂದು ಕಾರಣವೂ ಇತ್ತು. ತೆಂಗಿನಕಾಯಿಯನ್ನು ಅಟ್ಟಕ್ಕೆ ಹಾಕಿ ವರ್ಷದ ಮೇಲಾದರೆ ಉಂಡೆ ಕೊಬ್ಬರಿ. ಅದನ್ನು ಸುಲಿದು ಒಡೆದು ಚೀಲ ತುಂಬಿಸಿ ತಿಪಟೂರು ಮಾರುಕಟ್ಟೆಗೆ ತಂದರೆ ವರ್ಷದ ದುಡ್ಡು ಒಂದೇ ಸಲ ಕೈಗೆ. ಹರಾಜಿನ ದಿನ ಸಂಜೆಯ ಬಸ್ಸಿನಲ್ಲಿ ಕೂತವರ ಒಳಜೇಬಿನಲ್ಲೆಲ್ಲ ದೊಡ್ಡ ನೋಟು, ಪುಡಿಗಾಸು ಯಾರಲ್ಲೂ ಇಲ್ಲ. ನೊಣವಿನಕೆರೆಗೆ ಟಿಕೆಟ್ ಕೇಳಿ ಐನೂರರ ನೋಟು ಚಾಚಿದರೆ ಕಂಡಕ್ಟರ್ ಏನು ಮಾಡಬೇಕು? ಬರೆದುಕೊಡುವುದೇ ದಾರಿ. ಮಂಡಿಯಲ್ಲೂ ಅದೇ ರೂಢಿ. ಅರ್ಧ ದುಡ್ಡು ಕೈಗೆ ಕೊಟ್ಟು ಮಿಕ್ಕದ್ದನ್ನು ಚೀಟಿಯಲ್ಲಿ ಬರೆದು ‘ಮುಂದಿನ ವಾರ ಬನ್ನಿ’ ಎನ್ನುತ್ತಿದ್ದರು. ಬರೆದ ಬಾಕಿಯನ್ನು ನಂಬಿ ಬದುಕಿದ ಜನ ನಾವು. ಅದಕ್ಕೇ ಬಸ್ಸಿನ ಚೀಟಿಯನ್ನೂ ಸುಲಭವಾಗಿ ನಂಬಿದೆವು.

ಒಂದು ವ್ಯತ್ಯಾಸ ಮಾತ್ರ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಮಂಡಿಯ ಚೀಟಿಗೆ ಮುಂದಿನ ವಾರವೂ ಬೆಲೆಯಿತ್ತು. ಟಿಕೆಟ್ ಹಿಂದಿನ ಬರಹದ ಆಯುಷ್ಯ ನಾವು ಇಳಿಯುವ ಸ್ಟಾಪಿನವರೆಗೆ, ಅಷ್ಟೇ.

ಕಂಡಕ್ಟರ್‌ಗಳನ್ನು ದೂರುವವಳಲ್ಲ ನಾನು. ನನ್ನ ಕೈಯಲ್ಲಿ ಓದಿದ ಹುಡುಗನೊಬ್ಬ ಕಂಡಕ್ಟರ್ ಆಗಿದ್ದಾನೆ. ‘ಚಿಲ್ಲರೆ ಹುಟ್ಟೋದೇ ಮೊದಲನೇ ಟ್ರಿಪ್ ಮುಗಿಯೋ ಹೊತ್ಗೆ ಮೇಡಂ, ಅಲ್ಲೀಗಂಟ ಪೆನ್ನೇ ನಮ್ ಬಂಡವಾಳ’ ಎನ್ನುತ್ತಾನೆ. ಡ್ಯೂಟಿ ಹತ್ತುವ ಮುಂಚೆ ತನ್ನ ಸ್ವಂತ ದುಡ್ಡೆಷ್ಟು ಎಂದು ಬರೆಸಬೇಕು, ತನಿಖೆಯವರು ಹತ್ತಿದರೆ ಬ್ಯಾಗಿನ ದುಡ್ಡು ಟಿಕೆಟ್ ಲೆಕ್ಕದ ವೇಬಿಲ್ಲಿಗೆ ತಾಳೆಯಾಗಬೇಕು. ಕಮ್ಮಿ ಬಂದರೂ ಕಷ್ಟ, ಹೆಚ್ಚಿದ್ದರೂ ಉತ್ತರ ಹೇಳಬೇಕು. ಮರೆತು ಇಳಿದವರ ಚಿಲ್ಲರೆ ಅವನಿಗೂ ಹಾಯಾದ ದುಡ್ಡಲ್ಲ. ಹಾಗಾಗಿ ಇನ್ನೊಂದು ಉಪಾಯ ನಡೆಯಿತು. ಗುರುತು ಪರಿಚಯವಿಲ್ಲದ ಇಬ್ಬರ ಬಾಕಿ ಕೂಡಿಸಿ ಒಂದೇ ನೋಟು ಕೊಟ್ಟು ‘ಇಬ್ರೂ ಹಂಚ್ಕೊಳ್ರಪ್ಪ’ ಎಂದು ಇಳಿಸುವುದು. ಅವರಿಬ್ಬರೂ ಸ್ಟ್ಯಾಂಡಿನ ಟೀ ಅಂಗಡಿಗೆ ಹೋಗಿ, ಚಿಲ್ಲರೆಗೋಸ್ಕರ ಬೇಡದ ಟೀ ಕುಡಿದು, ಅಂಗಡಿಯವನ ಗೊಣಗಾಟ ಕೇಳಿಸಿಕೊಂಡು ಬೇರೆಯಾಗುತ್ತಿದ್ದರು.

ಕಳೆದುಕೊಂಡವರು ಯಾರು? ನನ್ನಂಥ ಸಂಬಳದವರು ಕೇಳಿ ಇಸಕೊಳ್ಳುತ್ತಿದ್ದೆವು. ಒಂದು ಸಲ ತಿಪಟೂರಿನಲ್ಲಿ ಇಳಿದಾಗ, ಮೊಮ್ಮಗುವನ್ನು ಆಸ್ಪತ್ರೆಗೆ ತೋರಿಸಲು ಬಂದಿದ್ದ ಮುದುಕಿಯೊಬ್ಬಳು ಹಣ್ಣಿನ ಅಂಗಡಿಯ ಮುಂದೆ ಟಿಕೆಟ್ ಚಾಚಿಕೊಂಡು ನಿಂತಿದ್ದಳು. ಅಂಗಡಿಯವನು ಬೇಡವೆಂದು ಕೈಯಾಡಿಸುತ್ತಿದ್ದ. ನನ್ನನ್ನು ಕಂಡು ‘ಟೀಚರಮ್ಮ, ಇದ್ರಾಗೆ ದುಡ್ಡೈತೆ ಅಂದ್ರು, ಯಾರ್ಗೆ ಕೊಡ್ಬೇಕು ಇದ್ನ?’ ಎಂದಳು. ಹಿಂದೆ 82 ಎಂದು ಬರೆದಿತ್ತು. ಬಸ್ಸು ಅಷ್ಟೊತ್ತಿಗೆ ಅರಸೀಕೆರೆ ದಾರಿ ಹಿಡಿದಾಗಿತ್ತು. ಯಾರ ಬಸ್ಸು ಎಂಬುದು ಇಲ್ಲಿ ಬೇಡ. ಆಕೆ ಓದಿದವಳಲ್ಲ. ಆದರೆ ಆಕೆ ಅಂದುಕೊಂಡದ್ದರಲ್ಲಿ ತಪ್ಪೇನಿತ್ತು? ರಿಸರ್ವ್ ಬ್ಯಾಂಕಿನ ನೋಟಿನ ಮೇಲಿರುವುದೂ ತಂದುಕೊಟ್ಟವರಿಗೆ ಇಷ್ಟು ಕೊಡುತ್ತೇನೆಂಬ ಸಹಿ ಮಾಡಿದ ಮಾತೇ. ಒಬ್ಬರು ಬರೆದುಕೊಟ್ಟ ಬಾಕಿಯನ್ನು ಇನ್ನೊಬ್ಬರು ಒಪ್ಪಿಕೊಂಡರೆ ಅದು ಹಣ. ಒಪ್ಪದಿದ್ದರೆ ಕಾಗದ. ಆ ದಿನ ಆಕೆಯ ಕೈಯಲ್ಲಿದ್ದದ್ದು ಕಾಗದವಾಯಿತು. ಹೀಗೆ ಕಾಗದವಾದದ್ದರ ಮೊತ್ತ ಯಾವ ಕಡತದಲ್ಲೂ ದಾಖಲಾಗುವುದಿಲ್ಲ. ಇತಿಹಾಸ ಓದಿದ ನನ್ನನ್ನು ಅದು ಇವತ್ತಿಗೂ ಕಾಡುತ್ತದೆ.

ಆಮೇಲಿನದು ಬೇಗ ಬೇಗ ನಡೆಯಿತು. 2011ರ ಜೂನ್ 30ಕ್ಕೆ ನಾಲ್ಕಾಣೆ ಮತ್ತದಕ್ಕಿಂತ ಸಣ್ಣ ನಾಣ್ಯಗಳು ರದ್ದಾದವು. 2016ರ ನವೆಂಬರ್‌ನಲ್ಲಿ ಐನೂರು, ಸಾವಿರದ ನೋಟುಗಳನ್ನು ನಿಲ್ಲಿಸಿದಾಗ ಸರ್ಕಾರಿ ಬಸ್ಸಿನ ಟಿಕೆಟ್ಟಿಗೆ ಕೆಲವು ದಿನ ಹಳೆ ನೋಟು ನಡೆಯಿತು. ಊರಿನ ದೊಡ್ಡ ನೋಟುಗಳೆಲ್ಲ ಬಸ್ಸಿಗೇ ಬಂದವು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದು ಹೆಂಗಸರಿಗೆ ಸೊನ್ನೆ ರೂಪಾಯಿಯ ಟಿಕೆಟ್ ಆಯಿತು. ಆ ಮುದುಕಿಯಂಥವರಿಗೆ ಸರ್ಕಾರಿ ಬಸ್ಸಿನಲ್ಲಿ ಇನ್ನು ಕಳೆದುಕೊಳ್ಳಲು ಬಾಕಿಯೇ ಇಲ್ಲ. ಈ ಯೋಜನೆಯ ಬಗ್ಗೆ ಪರ, ವಿರೋಧ ಬೇಕಾದಷ್ಟು ಕೇಳಿದ್ದೇನೆ, ಈ ಒಂದು ಲಾಭವನ್ನು ಮಾತ್ರ ಯಾರೂ ಎತ್ತಿ ಆಡಿಲ್ಲ. ಗಂಡಸರು 2024ರ ಕೊನೆಯಿಂದ ಕೆಎಸ್‌ಆರ್‌ಟಿಸಿ ಬಸ್ಸಿನಲ್ಲೂ ಫೋನ್ ಹಿಡಿದು ಸ್ಕ್ಯಾನ್ ಮಾಡುತ್ತಿದ್ದಾರೆ. ಪೆನ್ನಿಗೆ ಕೆಲಸ ಕಮ್ಮಿಯಾಗಿದೆ.

ಬಾಕಿ ಮಾತ್ರ ಹೋಗಿಲ್ಲ, ಜಾಗ ಬದಲಾಯಿಸಿದೆ. ನಮ್ಮ ಕಡೆಯ ಮನೆಗಳಲ್ಲಿ ಒಬ್ಬರಾದರೂ ಬೆಂಗಳೂರಿನಲ್ಲಿರುತ್ತಾರೆ. ತುಮಕೂರು ರಸ್ತೆಯಲ್ಲಿ ಹೋಗುವ ನಮಗೆ 2015ರಿಂದ ನಾಗಸಂದ್ರದಲ್ಲಿ, 2024ರ ನವೆಂಬರ್‌ನಿಂದ ಇನ್ನೂ ಈಚೆ ಮಾದಾವರದಲ್ಲೇ ಮೆಟ್ರೋ ಸಿಗುತ್ತದೆ. ಕಾರ್ಡ್ ಮಾಡಿಸಿದರೆ ರಿಯಾಯಿತಿ ಉಂಟು. ಆದರೆ ಒಳಗೆ ಹೋಗಲು ಕಾರ್ಡಿನಲ್ಲಿ ಕನಿಷ್ಠ 50 ರೂಪಾಯಿ ಇರಬೇಕಿತ್ತು, 2025ರ ಫೆಬ್ರವರಿಯಲ್ಲಿ ದರ ಏರಿಸಿದಾಗ ಅದನ್ನು 90 ಮಾಡಿದರು. ಮೂವತ್ತು ರೂಪಾಯಿಯ ದಾರಿಗೂ ತೊಂಬತ್ತು ತುಂಬಿಸಿ ಒಳಹೋಗಬೇಕು, ಮಿಕ್ಕದ್ದು ಅಲ್ಲೇ ಕೂರುತ್ತದೆ. ದಿನಾ ಓಡಾಡುವವರಿಗೆ ಅದು ನಾಳೆಯ ಟಿಕೆಟ್. ಯುಗಾದಿಗೊಮ್ಮೆ, ದೀಪಾವಳಿಗೊಮ್ಮೆ ಮಗಳ ಮನೆಗೆ ಹೋಗಿಬರುವವರಿಗೆ ಅದು ಬರೆದುಕೊಟ್ಟ ಚಿಲ್ಲರೆ. ಲಂಡನ್ನಿನಲ್ಲಿ 2003ರಿಂದ ನಡೆಯುತ್ತಿರುವ ಆಯ್‌ಸ್ಟರ್ ಕಾರ್ಡುಗಳಲ್ಲಿ ವರ್ಷಗಟ್ಟಲೆ ಯಾರೂ ಮುಟ್ಟದ ದುಡ್ಡೇ ಕೋಟಿಗಟ್ಟಲೆ ಪೌಂಡ್ ಇದೆ. ಅಲ್ಲಿ ಕೇಳಿದವರಿಗೆ ವಾಪಸು ಕೊಡುವ ವ್ಯವಸ್ಥೆಯಾದರೂ ಇದೆ. ನಮ್ಮಲ್ಲಿ ಸಾರ್ವಜನಿಕ ಸಾರಿಗೆಗೆಂದೇ ಕೊಡುವ ಪ್ರೀಪೇಯ್ಡ್ ಕಾರ್ಡುಗಳಿಗೆ 2024ರ ಫೆಬ್ರವರಿಯಲ್ಲಿ ರಿಸರ್ವ್ ಬ್ಯಾಂಕ್ ನಿಯಮ ಮಾಡಿತು: 3,000 ರೂಪಾಯಿಯವರೆಗೆ ತುಂಬಿಸಬಹುದು, ಅವಧಿ ಮುಗಿಯದಂತೆ ಕಾರ್ಡ್ ಕೊಡಬಹುದು. ಆದರೆ ನಗದಾಗಿ ತೆಗೆಯುವಂತಿಲ್ಲ, ವಾಪಸಾತಿ ಇಲ್ಲ.

ಬಾಕಿ ಸಾಯುವುದಿಲ್ಲ ಎಂಬುದು ಒಳ್ಳೆಯದೇ. ಆದರೆ ಆ ಕಾರ್ಡ್ ಹಿಡಿದವರು ತೀರಿಕೊಂಡರೆ, ಅಥವಾ ಊರಿಗೆ ಬಂದು ತೋಟ ನೋಡಿಕೊಂಡು ಇದ್ದುಬಿಟ್ಟರೆ, ಆ ದುಡ್ಡಿಗೆ ಬರುವ ದಾರಿ ಯಾವುದು? ಬ್ಯಾಂಕಿನಲ್ಲಿ ಹತ್ತು ವರ್ಷ ಯಾರೂ ಕೇಳದ ಠೇವಣಿಗೆ 2014ರಿಂದ ರಿಸರ್ವ್ ಬ್ಯಾಂಕಿನಲ್ಲಿ ಒಂದು ನಿಧಿ ಇದೆ. ಹಣ ಅಲ್ಲಿಗೆ ಹೋದ ಮೇಲೂ ವಾರಸುದಾರರು ಬ್ಯಾಂಕಿಗೆ ಹೋಗಿ ಕೇಳಿ ಪಡೆಯಬಹುದು. ಪ್ರಯಾಣದ ಕಾರ್ಡಿಗೂ ಅಂಥದ್ದೊಂದು ಬೇಕು ಎಂದು ನಾನು ಕೇಳುತ್ತೇನೆ: ಕಾರ್ಡ್ ಮಾಡಿಸಿದ ಕೌಂಟರಿನಲ್ಲೇ ಕಾರ್ಡ್ ಕೊಟ್ಟು, ಉಳಿದದ್ದನ್ನು ಎಣಿಸಿಕೊಂಡು ಬರುವಂತಿರಬೇಕು. ಮೊತ್ತ ಹದಿನೆಂಟು ರೂಪಾಯಿ ಇದ್ದರೂ ಸರಿ.