‘ಇನ್‌ಕ್ರೀಸ್’ ಶಬ್ದವೂ ನಮ್ಮ ಬಡ್ಡಿಯೂ

ಆಂಗ್ಲಭಾಷೆಯ ‘ಇನ್‌ಕ್ರೀಸ್’ ಎಂಬ ಶಬ್ದವನ್ನು ಅರಿಯದ ವಿದ್ಯಾವಂತರು ವಿರಳ. ಸಂಬಳವಾಗಲಿ, ಬೆಲೆಯಾಗಲಿ, ಜನಸಂಖ್ಯೆಯಾಗಲಿ ಹೆಚ್ಚಿದಾಗ ಅದನ್ನು ಪ್ರಯೋಗಿಸುವುದು ವಾಡಿಕೆ. ಆದರೆ ಈ ಶಬ್ದದ ತವರು ಲೆಕ್ಕದ ಪುಸ್ತಕವಲ್ಲ, ಸಜೀವ ಪ್ರಪಂಚ.

ಇದರ ಮೂಲವು ಲ್ಯಾಟಿನ್ ಭಾಷೆಯ ‘ಕ್ರೆಸ್ಕೆರೆ’. ಬೆಳೆಯುವುದೆಂದು ಅದರ ಅರ್ಥ. ‘ಇನ್’ ಎಂಬ ಉಪಸರ್ಗವನ್ನು ಕೂಡಿಕೊಂಡು, ಹಳೆಯ ಫ್ರೆಂಚ್ ಭಾಷೆಯ ಮೂಲಕ, 14ನೆಯ ಶತಮಾನದಲ್ಲಿ ಇದು ಇಂಗ್ಲಿಷಿನಲ್ಲಿ ನೆಲೆಗೊಂಡಿತು. ಶುಕ್ಲಪಕ್ಷದಲ್ಲಿ ಬೆಳೆಯುವ ಚಂದ್ರಕಲೆಗೆ ‘ಕ್ರೆಸೆಂಟ್’ ಎಂಬ ಹೆಸರೂ, ಕಚೇರಿಯ ನೌಕರರು ವರ್ಷಕ್ಕೊಮ್ಮೆ ಎದುರುನೋಡುವ ‘ಇನ್‌ಕ್ರಿಮೆಂಟು’ ಎಂಬುದೂ ಈ ಧಾತುವಿನ ಸಂತತಿಯೇ. ಹಡಗಿನ ಸಿಬ್ಬಂದಿಯನ್ನು ಹೇಳುವ ‘ಕ್ರೂ’ ಸಹ ಮೊದಲು ಸೈನ್ಯವನ್ನು ಹೆಚ್ಚಿಸಲು ಕಳುಹಿಸಿದ ತುಕಡಿಯ ಹೆಸರಾಗಿದ್ದಿತು.

1611ರಲ್ಲಿ ಪ್ರಕಟವಾದ ಇಂಗ್ಲಿಷ್ ಬೈಬಲಿನಲ್ಲಿ ‘ಇನ್‌ಕ್ರೀಸ್’ ಎಂದರೆ ಭೂಮಿಯ ಫಸಲು, ಪಶುಗಳ ಮರಿ, ಕುಲದ ಸಂತಾನ. ಅದೇ ಗ್ರಂಥದ ಲೇವಿಯಕಾಂಡದಲ್ಲಿ, ಬಡವನಾದ ಸೋದರನಿಂದ ಬಡ್ಡಿಯನ್ನು ತೆಗೆದುಕೊಳ್ಳಬಾರದೆಂದು ವಿಧಿಸುವಲ್ಲಿ, ಆ ಬಡ್ಡಿಗೂ ಇದೇ ಶಬ್ದವುಂಟು. ಗ್ರೀಕರ ‘ಟೋಕೋಸ್’ ಎಂಬುದಕ್ಕೂ ಸಂತಾನ, ಬಡ್ಡಿ ಎಂಬ ಎರಡರ್ಥಗಳು. ಕ್ರಿ. ಪೂ. 4ನೆಯ ಶತಮಾನದ ಅರಿಸ್ಟಾಟಲನು ಈ ಶ್ಲೇಷೆಯನ್ನೇ ಹಿಡಿದು, ಹಣವು ಹಣವನ್ನು ಹೆರುವುದು ಪ್ರಕೃತಿಗೆ ತೀರ ವಿರುದ್ಧವಾದ ಸಂಪಾದನೆಯೆಂದು ಖಂಡಿಸಿದನು.

ನಮ್ಮ ಭಾಷೆಗಳಲ್ಲಿಯೂ ಇದೇ ಕಥೆ. ‘ವೃದ್ಧಿ’ ಎಂಬುದು ಮಂಗಳಶಬ್ದ. ಪಾಣಿನಿಯು ಅಷ್ಟಾಧ್ಯಾಯಿಯನ್ನು ಆ ಶಬ್ದದಿಂದ ಆರಂಭಿಸಿದುದು ಮಂಗಳಾರ್ಥವೆಂದು ಪತಂಜಲಿಯ ವಿವರಣೆ. ಮನೆಯಲ್ಲಿ ಶಿಶುಜನನವಾದಾಗ ಆಚರಿಸುವ ಆಶೌಚವನ್ನೂ ನಾವು ‘ವೃದ್ಧಿ’ ಎನ್ನುವೆವು. ಸಾಲದ ಮೇಲೆ ಏರುವ ಹಣಕ್ಕೂ ಧರ್ಮಶಾಸ್ತ್ರಕಾರರು ಇಟ್ಟ ಹೆಸರು ಇದೇ. ಅದು ಪ್ರಾಕೃತದಲ್ಲಿ ‘ವಡ್ಢಿ’ಯಾಗಿ, ಕನ್ನಡದಲ್ಲಿ ‘ಬಡ್ಡಿ’ಯಾಯಿತು. ತೊಟ್ಟಿಲಿಗೂ ಸಾಲಪತ್ರಕ್ಕೂ ಒಂದೇ ಶಬ್ದವು ಸಂದಿತು!

ಹೆಸರು ಒಂದಾದರೂ ಸ್ವಭಾವ ಒಂದಲ್ಲ. ಚಂದ್ರನು ಹುಣ್ಣಿಮೆಯವರೆಗೆ ಬೆಳೆಯುವನು. ಪೈರು ಕೊಯ್ಲಿನವರೆಗೆ ಬೆಳೆಯುವುದು. ಮಗುವು ಪ್ರಾಯದವರೆಗೆ ಬೆಳೆಯುವುದು. ಸಜೀವವಾದ ವೃದ್ಧಿಗೆ ಎಲ್ಲೆಯುಂಟು. ಬಡ್ಡಿಗೆ ಮಾತ್ರ ಋತುವಿಲ್ಲ, ಬರಗಾಲವಿಲ್ಲ. ಹೊಲವು ಒಣಗಿದ ವರ್ಷವೂ ಅದು ಚಿಗುರುವುದು. ಆದುದರಿಂದಲೇ ಪ್ರಕೃತಿಯು ಹಾಕದ ಎಲ್ಲೆಯನ್ನು ಶಾಸ್ತ್ರವು ಹಾಕಬೇಕಾಯಿತು. ಒಮ್ಮೆಗೆ ಪಡೆಯುವ ಬಡ್ಡಿಯು ಅಸಲಿನೊಡನೆ ಕೂಡಿ ಇಮ್ಮಡಿಯನ್ನು ಮೀರಕೂಡದೆಂದು ಮನುಸ್ಮೃತಿಯ 8ನೆಯ ಅಧ್ಯಾಯವು ವಿಧಿಸುತ್ತದೆ. ಬ್ರಿಟಿಷರ ಆಳ್ವಿಕೆಯಲ್ಲಿ ಮುಂಬಯಿ ಪ್ರಾಂತದ ನ್ಯಾಯಾಲಯಗಳು ಈ ನಿಯಮವನ್ನು ‘ದಾಮದುಪಟ್’ ಎಂಬ ಹೆಸರಿನಿಂದ ಹಿಂದೂ ಸಾಲಗಾರರ ವಿಷಯದಲ್ಲಿ ಮನ್ನಿಸಿದುವು. ಧಾರವಾಡ, ಬೆಳಗಾವಿ, ವಿಜಾಪುರ ಸೀಮೆಗಳು ಆಗ ಆ ಪ್ರಾಂತಕ್ಕೆ ಸೇರಿದ್ದುವು.

ಶಬ್ದವು ಅರ್ಥಾಂತರವನ್ನು ಹೊಂದುವುದು ಸಹಜ. ಆದರೆ ‘ಇನ್‌ಕ್ರೀಸ್’ ಎಂಬ ಮಾತು ಕಿವಿಗೆ ಬಿದ್ದಾಗಲೆಲ್ಲ ಬೆಳೆಯುತ್ತಿರುವುದು ಪೈರೋ ಬಡ್ಡಿಯೋ ಎಂದು ವಿಚಾರಿಸುವುದು ಗೃಹಸ್ಥನಿಗೆ ಯುಕ್ತ.